ಅತ್ತೆ ಲಿನಕ್ಸ್ ಕಲಿತ ಮಳೆಗಾಲ

ಹಳಿಯಾಳದ ಕಡೆಯಿಂದ ಬರುವವರಿಗೆ ದಾಂಡೇಲಿ ಕಣ್ಣಿಗಿಂತ ಮೊದಲು ಮೂಗಿಗೆ ಸಿಗುತ್ತದೆ. ಕಾಗದದ ಕಾರ್ಖಾನೆಯ ವಾಸನೆ ಅದು. ಹೊಸಬರಿಗೆ ಯಾರೋ ಕೋಸುಗಡ್ಡೆ ಬೇಯಲು ಇಟ್ಟು ಮರೆತಂತೆ ಅನ್ನಿಸುತ್ತದೆ. ಹೋದ ವರ್ಷ ಉಳವಿಗೆ ಹೊರಟಿದ್ದೆವು. ಮಳೆ ಹನಿಯುತ್ತಿತ್ತು. ವಾಸನೆ ಬಂದ ಕೂಡಲೇ ಮಗಳು ಕಾರಿನ ಗಾಜು ಏರಿಸಿ ಸೆರಗು ಇಲ್ಲದ್ದಕ್ಕೆ ಅಂಗೈಯನ್ನೇ ಮೂಗಿಗೆ ಒತ್ತಿಕೊಂಡಳು. ನಾನು ನನ್ನ ಕಡೆಯ ಗಾಜನ್ನು ಪೂರ್ತಿ ಇಳಿಸಿದೆ.

"ಅವ್ವಾ, ನಿನಗ ವಾಸನಿ ಬರೂದಿಲ್ಲೇನ?"

"ಬರ್ತೈತಿ. ಅದಕ್ಕ ಇಳಿಸೇನಿ."

ಅವಳಿಗೆ ಅರ್ಥವಾಗಲಿಲ್ಲ. ಅವಳು ಹುಟ್ಟುವ ಮೊದಲಿನ ಒಂದು ಮಳೆಗಾಲ ಆ ಗಾಳಿಯಲ್ಲಿತ್ತು. ಉಳವಿ ಮುಟ್ಟುವವರೆಗೂ ನಾನು ಅದನ್ನೇ ಹೇಳುತ್ತಾ ಹೋದೆ.

ಎರಡು ಸಾವಿರದ ಇಸವಿ ದಾಟಿ ಸ್ವಲ್ಪ ಕಾಲವಾಗಿತ್ತು. ನನ್ನ ಗಂಡ ಮಹೇಶ ಕಾರ್ಖಾನೆಯ ವಿದ್ಯುತ್ ವಿಭಾಗದಲ್ಲಿದ್ದರು. ಬಂಗೂರನಗರದ ಕ್ವಾರ್ಟರ್ಸಿನಲ್ಲಿ ನಮ್ಮ ಮನೆ. ಹಿತ್ತಲಿನ ತಂತಿ ಬೇಲಿಯ ಆಚೆ ಜಾಧವ ಕಾಕಾ ಮತ್ತು ಸುಶೀಲಾ ಕಾಕು ಇದ್ದರು. ಇಬ್ಬರೂ ಬೆಳಗಾವಿ ಕಡೆಯವರು, ಮಾತಿನಲ್ಲಿ ಮರಾಠಿ ಬೆರೆಯುತ್ತಿತ್ತು. ಕಾಕಾ ನನ್ನ ಗಂಡನ ವಿಭಾಗದಲ್ಲೇ ಹಿರಿಯರು, ನಿವೃತ್ತಿಗೆ ಹತ್ತಿರ ಬಂದಿದ್ದರು. ಕಾರ್ಖಾನೆಯಲ್ಲಿ ಇವರಿಗೆ ಕೆಲಸ ಹೇಳುವವರು ಅವರು, ಮನೆಯಲ್ಲಿ ಚದುರಂಗದಲ್ಲಿ ಇವರ ಕೈಲಿ ಸೋಲುವವರೂ ಅವರೇ.

ಆ ವರ್ಷ ನನ್ನ ಅತ್ತೆ ಗೌರವ್ವ ಮುಂಡಗೋಡದ ಹತ್ತಿರದ ಇಂದೂರಿನಿಂದ ನಮ್ಮಲ್ಲಿಗೆ ಬಂದರು. ಮೊಣಕಾಲು ಕುಂಬಳಕಾಯಿಯಂತೆ ಊದಿದ್ದವು. ಈ ಸಲ ಗದ್ದೆಯ ಕೆಸರಿಗೆ ಇಳಿಯಲೇಬಾರದು ಎಂದು ಡಾಕ್ಟರು ಹೇಳಿದ್ದರು. ಬುದ್ಧಿ ಬಂದಾಗಿನಿಂದ ಒಂದು ವರ್ಷವೂ ನಾಟಿ ತಪ್ಪಿಸದ ಹೆಂಗಸು ಅವರು. ಹೊರಗೆ ಮಳೆ ಸುರಿಯುವುದನ್ನು ಕಿಟಕಿಯಿಂದ ನೋಡುತ್ತಾ ಕೂತರೆ ಅವರ ಬೆರಳುಗಳು ತಾವಾಗಿಯೇ ಆಡುತ್ತಿದ್ದವು, ಗಾಳಿಯಲ್ಲಿ ಸಸಿ ಊರುತ್ತಿರುವಂತೆ. ನನ್ನ ಅಡಿಗೆಮನೆಯ ಡಬ್ಬಿಗಳನ್ನೆಲ್ಲ ಇಳಿಸಿ, ತೊಳೆದು, ಬೇರೆ ಜಾಗದಲ್ಲಿ ಇಟ್ಟರು. ಮರುದಿನ ಮತ್ತೆ ಇಳಿಸಿದರು. ಸಾಸಿವೆ ಹುಡುಕುವುದೇ ನನಗೆ ಒಂದು ಉದ್ಯೋಗವಾಯಿತು.

ಕೊನೆಗೆ ಹಿತ್ತಲಿನಲ್ಲಿ ಮೆಣಸಿನ ಅಗಿ, ಎಂದರೆ ಎಳೆಯ ಸಸಿ, ಹಚ್ಚಿದರು. ಸುಶೀಲಾ ಕಾಕುವಿನ ಕೋಳಿಗಳು ಬೇಲಿಯಡಿ ನುಸುಳಿ ಬಂದು ಆ ಅಗಿಗಳನ್ನು ಬೇರುಸಹಿತ ಕೆದರಿ ಹಾಕಿದವು.

"ನಿಮ್ಮ ಕೋಳಿ ಕಟ್ಟಿ ಹಾಕ್ರಿ!" ಎಂದು ಅತ್ತೆ ಬೇಲಿಯ ಹತ್ತಿರ ನಿಂತು ಕೂಗಿದರು.

"ಅಗ ಬಾಯಿ! ಕೋಳಿ ಯಾರರ ಕಟ್ಟತಾರೇನ್ರಿ? ಎಮ್ಮಿ ಏನ ಅದು?" ಎಂದರು ಆಚೆಯಿಂದ ಕಾಕು.

"ಎಮ್ಮಿ ಆಗಿದ್ರ ಛೊಲೋ ಇತ್ತು. ಹಾಲರ ಕೊಡ್ತಿತ್ತು."

ಬಹಳ ದಿನಗಳವರೆಗೆ ಇದೇ ಅವರಿಬ್ಬರ ಕೊನೆಯ ಮಾತಾಯಿತು. ಆಮೇಲೆ ಅತ್ತೆ ಕಾಕುವನ್ನು ಹೆಸರು ಹಿಡಿದು ಕರೆಯಲಿಲ್ಲ. "ಆಕಿ" ಅಷ್ಟೇ. ಆಚೆಯ ಮನೆಯಲ್ಲಿ ನನ್ನ ಅತ್ತೆಗೂ ಅದೇ ಹೆಸರಿತ್ತು ಎಂದು ಕಾಕಾ ನನಗೆ ಗುಟ್ಟಾಗಿ ಹೇಳಿದರು.

ಇದೇ ಹೊತ್ತಿಗೆ ನಮ್ಮ ಮನೆಯ ಕಂಪ್ಯೂಟರ್ ಕೆಟ್ಟಿತು. ಯಾರೋ ಬಳಸಿ ಬಿಟ್ಟದ್ದನ್ನು ಮಹೇಶ ಹುಬ್ಬಳ್ಳಿಯಿಂದ ತಂದಿದ್ದರು. ಅದರಿಂದ ಅವರಿಗೆ ಬೇಕಾದದ್ದು ಒಂದೇ, ಕಾರಿನ ಆಟ. ಪಾಳಿ ಮುಗಿಸಿ ಬಂದು, ಕೈಕಾಲು ತೊಳೆದು, ಒಂದು ತಾಸು ಯಾವುದೋ ಪರದೇಶದ ರಸ್ತೆಯಲ್ಲಿ ಕಾರು ಓಡಿಸಿದರೆ ಅವರ ದಣಿವು ಇಳಿಯುತ್ತಿತ್ತು. ಗೆಳೆಯರೊಬ್ಬರ ಸೀಡಿಯಿಂದ ವೈರಸ್ ಹೊಕ್ಕು ಆ ರಸ್ತೆ ಬಂದ್ ಆಯಿತು.

ನಾನು ಧಾರವಾಡದಲ್ಲಿ ಕಂಪ್ಯೂಟರ್ ಡಿಪ್ಲೊಮಾ ಮುಗಿಸಿದವಳು. ಹೆಣ್ಣು ನೋಡಲು ಬಂದಾಗ ಆ ಮಾತನ್ನು ಎಲ್ಲರೂ ತಲೆಯಾಡಿಸಿ ಕೇಳಿದ್ದರು, ಆಮೇಲೆ ರೊಟ್ಟಿ ಬಡಿಯಲು ಬರುತ್ತದೆಯೇ ಎಂದು ಕೇಳಿದ್ದರು. ನನ್ನ ಟ್ರಂಕಿನ ತಳದಲ್ಲಿ, ಯಾವುದೋ ಪತ್ರಿಕೆಯ ಜೊತೆ ಪುಕ್ಕಟೆ ಬಂದಿದ್ದ, ವಿಂಡೋಸಿನ ಬದಲು ಕಂಪ್ಯೂಟರ್ ನಡೆಸುವ ಲಿನಕ್ಸ್ ಎಂಬ ವ್ಯವಸ್ಥೆಯ ಸೀಡಿಗಳಿದ್ದವು. ಒಂದು ಮಧ್ಯಾಹ್ನ ಅವನ್ನು ಹೊರಗೆ ತೆಗೆದೆ.

ಸೀಡಿ ಹಾಕಿದಾಗ, ಡಿಸ್ಕನ್ನು ಪೂರ್ತಿ ಅಳಿಸಲೋ, ಭಾಗ ಮಾಡಲೋ ಎಂದು ಅದು ಕೇಳಿತು. ಇಲ್ಲಿ ಅವಸರ ಮಾಡಿದವರು ಆಮೇಲೆ ಅಳುತ್ತಾರೆ. ಒಂದು ಭಾಗದಲ್ಲಿ ಹೊಸದಾಗಿ ವಿಂಡೋಸ್ ಹಾಕಿ ಗಂಡನ ಕಾರಿಗೆ ಬಿಟ್ಟೆ. ಇನ್ನೊಂದು ಭಾಗದಲ್ಲಿ ಲಿನಕ್ಸ್ ಹಾಕಿದೆ. ಮೂರನೆಯದೊಂದು ಸಣ್ಣ ಭಾಗವನ್ನು ಮನೆಯವರ ಸ್ವಂತ ಕಡತಗಳಿಗೆಂದೇ ಬೇರೆ ಇಟ್ಟೆ. ನಾಳೆ ವ್ಯವಸ್ಥೆ ಕೆಟ್ಟು ಮತ್ತೆ ಹಾಕಬೇಕಾಗಿ ಬಂದರೂ ನಮ್ಮ ಸಾಮಾನಿಗೆ ಧಕ್ಕೆಯಾಗಬಾರದು. ಚಾಲೂ ಮಾಡಿದ ಕೂಡಲೇ ಯಾವುದು ಬೇಕು ಎಂದು ಕೇಳುವ ಹಾಗೆ ಮಾಡಿದೆ.

ಅತ್ತೆ ಹಿಂದೆ ನಿಂತು ನೋಡುತ್ತಿದ್ದರು. "ಏನ ಮಾಡಾಕ ಹತ್ತಿ?" ಎಂದರು.

"ಒಂದ ಮನ್ಯಾಗ ಎರಡು ಒಲಿ ಹೂಡಾಕ ಹತ್ತೇನ್ರಿ ಅತ್ತಿ."

"ಯವ್ವಾ, ಎರಡು ಒಲಿ ಹೂಡಿದ ಮನಿ ಉಳದದ್ದು ನಾ ನೋಡಿಲ್ಲ," ಎಂದು ಅವರು ಒಳಗೆ ಹೋದರು.

ಲಿನಕ್ಸಿನಲ್ಲಿ ಒಬ್ಬೊಬ್ಬರಿಗೂ ಒಂದೊಂದು ಹೆಸರು, ಒಂದೊಂದು ಗುಪ್ತಪದ. ಎಲ್ಲವನ್ನೂ ಬದಲಾಯಿಸುವ, ಅಳಿಸುವ ಅಧಿಕಾರ ಮಾತ್ರ ಒಂದು ದೊಡ್ಡ ಹೆಸರಿಗೆ ಇರುತ್ತದೆ, ಅದಕ್ಕೆ ರೂಟ್ ಎನ್ನುತ್ತಾರೆ. ಆ ಗುಪ್ತಪದವನ್ನು ನಾನೇ ಇಟ್ಟುಕೊಂಡೆ. ದಿನದ ಕೆಲಸಕ್ಕೆ ನಾನೂ ಆ ಹೆಸರಿನಿಂದ ಒಳಗೆ ಹೋಗುತ್ತಿರಲಿಲ್ಲ. ಕಣ್ಣು ಮುಚ್ಚಿ ಒಂದು ಅಕ್ಷರ ತಪ್ಪಾಗಿ ಒತ್ತಿದರೂ ರೂಟ್ ಯಾಕೆಂದು ಕೇಳುವುದಿಲ್ಲ, ಮಾಡಿ ಮುಗಿಸುತ್ತದೆ. ಇದನ್ನು ಗಂಡನಿಗೆ ವಿವರಿಸುವಾಗ ಅತ್ತೆ ಒಂದೇ ಮಾತು ಹಿಡಿದರು.

"ಅಂದ್ರ ಕೀಲಿ ಸೊಸಿ ಕಡೆ."

"ಹೌದ್ರಿ."

"ಮಹೇಶಾ, ನೋಡಪಾ ಮತ್ತ."

ಗಂಡ ಕಾರು ಓಡಿಸುತ್ತಿದ್ದರು. ನೋಡಲಿಲ್ಲ.

ಲಿನಕ್ಸಿನ ಸೀಡಿಯಲ್ಲಿ ಕೆಲವು ಆಟಗಳಿದ್ದವು. ಪೆಂಗ್ವಿನ್ ಒಂದು ಹಿಮದ ಗುಡ್ಡದ ಮೇಲಿಂದ ಹೊಟ್ಟೆಯ ಮೇಲೆ ಜಾರುವ ಆಟ. ಅತ್ತೆ ಅದನ್ನು ನೋಡಿ, "ಪಾಪ, ಬಾತುಕೋಳಿಗೆ ಥಂಡಿ ಹತ್ತತೈತಿ," ಎಂದು ಎದ್ದು ಹೋದರು. ಇನ್ನೊಂದು ಗೋಲಿ ಆಟ. ಮೇಲೆ ಬಣ್ಣ ಬಣ್ಣದ ಗೋಲಿಗಳು ತೂಗುತ್ತಿರುತ್ತವೆ. ಕೆಳಗಿನಿಂದ ಗೋಲಿ ಹಾರಿಸಿ ಒಂದೇ ಬಣ್ಣದ ಮೂರು ಕೂಡಿಸಿದರೆ ಅವು ಉದುರುತ್ತವೆ. ಅದನ್ನು ಅತ್ತೆ ನಿಂತೇ ನೋಡಿದರು. ಆಮೇಲೆ ಕುರ್ಚಿಯ ತುದಿಗೆ ಕೂತರು. ಆಮೇಲೆ ಪೂರ್ತಿ ಕೂತರು.

"ಅಕ್ಕಿ ಆರಿಸಿದಂಗ ಐತಿ ಇದು," ಎಂದರು. "ಎಲ್ಲೆ ಒತ್ತಬೇಕು?"

ಎಡಕ್ಕೊಂದು ಕೀಲಿ, ಬಲಕ್ಕೊಂದು, ಹಾರಿಸಲು ಒಂದು. ಮೂರನ್ನು ತೋರಿಸಿಕೊಟ್ಟೆ. ಸಸಿ ಊರುತ್ತಿದ್ದ ಬೆರಳುಗಳಿಗೆ ಕೆಲಸ ಸಿಕ್ಕಿತು. ನನ್ನ ಸಾಸಿವೆ ಡಬ್ಬಿ ಒಂದೇ ಜಾಗದಲ್ಲಿ ನಿಂತಿತು.

ಕಾಕಾ ಒಂದು ಭಾನುವಾರ ಬಂದು ಇದನ್ನೆಲ್ಲ ನೋಡಿದರು. ಅವರ ಮನೆಯಲ್ಲಿ ಯಾವುದೋ ಆಫೀಸಿನ ಹಳೆಯ ಕಂಪ್ಯೂಟರ್ ಇತ್ತು. ಅದರ ಡಿಸ್ಕ್ ಸತ್ತು, ಮೇಲೆ ಹೂದಾನಿ ಇಟ್ಟಿದ್ದರು. ಡಿಸ್ಕ್ ಇಲ್ಲದಿದ್ದರೂ ನಡೆಯುತ್ತದೆ ಎಂದು ನಾನು ಹೇಳಿದೆ. ಒಂದು ಫ್ಲಾಪಿಯಿಂದ ಅದನ್ನು ಎಬ್ಬಿಸಿ, ನಮ್ಮ ಕಂಪ್ಯೂಟರಿಗೆ ತಂತಿ ಜೋಡಿಸಿದರೆ ಸಾಕು. ಕೆಲಸವೆಲ್ಲ ನಮ್ಮದರಲ್ಲಿ ನಡೆದು ಚಿತ್ರ ಮಾತ್ರ ಅಲ್ಲಿ ಕಾಣಿಸುತ್ತದೆ. ಹಾಡುಗಳನ್ನು ನಮ್ಮದರಲ್ಲಿ ತುಂಬಿಟ್ಟರೆ ಪಟ್ಟಿಯನ್ನು ಎರಡೂ ಮನೆಯವರು ನೋಡಬಹುದು, ಚದುರಂಗವನ್ನು ಎರಡೂ ಮನೆಯಿಂದ ಆಡಬಹುದು.

"ಅಂದ್ರ ಮಳ್ಯಾಗ ನಾ ಛತ್ರಿ ಹಿಡಕೊಂಡು ಬಂದು ಸೋಲೂದು ಬ್ಯಾಡ. ಮನ್ಯಾಗ ಕುಂತು ಸೋಲಬಹುದು," ಎಂದರು ಕಾಕಾ.

ಅಂದೇ ನೀಲಿ ತಂತಿ ಎಳೆಯುವ ಕೆಲಸ ಶುರುವಾಯಿತು. ಇಬ್ಬರು ವಿದ್ಯುತ್ ವಿಭಾಗದವರು ಸೇರಿದರೆ ತಂತಿ ಹಾಕುವುದು ಹಬ್ಬ. ಮಂಗಗಳು ಜಗ್ಗಬಾರದೆಂದು ಪ್ಲಾಸ್ಟಿಕ್ ಪೈಪಿನೊಳಗೆ ತೂರಿಸಿ, ಕೋಳಿಗೂಡಿನ ಮೇಲಿನಿಂದ ತಂದು, ನಮ್ಮ ಅಡಿಗೆಮನೆಯ ಜಾಳಿಗೆಯಿಂದ ಒಳಗೆ ಬಿಟ್ಟರು. ಮೊದಲ ದೊಡ್ಡ ಮಳೆಗೆ ಹಿತ್ತಲಿನ ನೀರೆಲ್ಲ ಆ ಪೈಪು ಹಿಡಿದುಕೊಂಡು ನೇರ ನಮ್ಮ ಕಂಪ್ಯೂಟರಿನ ಬೆನ್ನಿಗೆ ಬಂದು ಇಳಿಯಿತು. ಕಾಗದ ಮಾಡುವ ಅಷ್ಟು ದೊಡ್ಡ ಯಂತ್ರಗಳಿಗೆ ತಂತಿ ಎಳೆದವರು ಇಬ್ಬರೂ ಬೆಪ್ಪಾಗಿ ನಿಂತರು. ಆಮೇಲೆ ಕಾಕಾ, ಗೋಡೆ ಮುಟ್ಟುವ ಮೊದಲು ತಂತಿಯನ್ನು ಒಂದು ಗೇಣು ಕೆಳಗೆ ಜೋತು ಬಿಟ್ಟು ಮತ್ತೆ ಮೇಲಕ್ಕೆತ್ತಿದರು. ನೀರು ಆ ಬಗ್ಗಿನಲ್ಲಿ ತೊಟ್ಟಿಕ್ಕಿ ಹೊರಗೇ ಉಳಿಯಿತು. ಗುಡುಗು ಕೇಳಿಸಿದರೆ ಎರಡೂ ಮನೆಯಲ್ಲಿ ತಂತಿ ಕಿತ್ತಿಡಬೇಕೆಂದು ನಿಯಮ ಮಾಡಿದೆವು. ಸಿಡಿಲು ಬಂದರೆ ಅದು ತಂತಿಗುಂಟ ಇಬ್ಬರ ಮನೆಗೂ ಹೋಗುತ್ತದೆ, ಜಗಳ ನೋಡುವುದಿಲ್ಲ.

ಕಾಕುವಿನ ಮನೆಯ ಕಂಪ್ಯೂಟರಿಗೆ ಸ್ವಂತದ್ದೇನೂ ಇಲ್ಲ, ನಮ್ಮದರ ಬಲದ ಮೇಲೆ ನಡೆಯುತ್ತದೆ ಎಂದು ತಿಳಿದಾಗ ಅತ್ತೆಯ ಮುಖ ಅರಳಿತು.

"ಹಂಗಾರ ಆಕಿ ಮನಿ ಕಂಪ್ಯೂಟರ್ ನಮ್ಮ ಮನಿ ಅನ್ನ ಉಣ್ಣತೈತಿ ಅನ್ನು."

"ಹಂಗ ಅನಬ್ಯಾಡ್ರಿ ಅತ್ತಿ, ಕಾಕು ಕೇಳಿದ್ರ..."

"ಕೇಳ್ಲಿ ಅಂತನ ಅಂದೇನಿ."

ಕಾಕು ಗೋಲಿ ಆಟಕ್ಕೆ ಕೈ ಹಾಕಿದ್ದು ಹೇಗೋ ನನಗೆ ಗೊತ್ತಿಲ್ಲ. ಒಂದು ದಿನ ನೋಡಿದರೆ ಅಂಕಗಳ ಪಟ್ಟಿಯಲ್ಲಿ ಅತ್ತೆಯ ಹೆಸರಿನ ಮೇಲೆ ಇನ್ನೊಂದು ಹೆಸರು ಕೂತಿತ್ತು. ಆಟ ಒಂದೇ ಕಂಪ್ಯೂಟರಿನಲ್ಲಿ ನಡೆಯುವುದರಿಂದ ಪಟ್ಟಿಯೂ ಒಂದೇ. ಅತ್ತೆಗೆ ಇಂಗ್ಲಿಷ್ ಅಕ್ಷರ ಬರುತ್ತಿರಲಿಲ್ಲ, ಆದರೆ ತಮ್ಮ ಹೆಸರಿನ ಆಕಾರ ಗೊತ್ತಿತ್ತು.

"ನನ್ನ ಮ್ಯಾಲೆ ಯಾರ ಇದು, ಉದ್ದಾಕ?"

"ಸುಶೀಲಾ ಕಾಕುರಿ."

ಅತ್ತೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕುರ್ಚಿ ಎಳೆದುಕೊಂಡರು.

ಅಲ್ಲಿಂದ ಮಳೆಗಾಲ ಬೇರೆಯೇ ಆಯಿತು. ಬೆಳಿಗ್ಗೆ ಗಂಡಸರು ಪಾಳಿಗೆ ಹೋಗುವುದೇ ತಡ, ಬೇಲಿಯ ಎರಡೂ ಕಡೆ ಗೋಲಿ ಹಾರುತ್ತಿದ್ದವು. ಕಾಕುವಿನ ಕಡೆ ಚಿತ್ರ ಸ್ವಲ್ಪ ತಡೆದು ತಡೆದು ಬರುತ್ತಿತ್ತು, ತಂತಿಯ ಮೇಲೆ ಭಾರ ಹೆಚ್ಚಾಗಿದೆ ಎಂದುಕೊಂಡಿದ್ದೆ. ಅವರು ಗಂಡನ ಮೂಲಕ ನನಗೆ ತಕರಾರು ಕಳಿಸಿದರು: "ಅವರ ಗೋಲಿ ಜೋರ ಹೋಗ್ತಾವಂತ, ನಮ್ಮವು ಕುಂಟತಾವಂತ. ಇದು ನ್ಯಾಯ ಅಲ್ಲಂತ." ಅತ್ತೆ ಹಾಡು ಹಚ್ಚಿಕೊಂಡು ಆಡುತ್ತಿದ್ದದ್ದೇ ಕಂಪ್ಯೂಟರಿಗೆ ಹೊರೆಯಾಗಿತ್ತೆಂದು ಆಮೇಲೆ ಕಂಡುಹಿಡಿದೆ. ಹಾಡು ನಿಲ್ಲಿಸಿದ ಮೇಲೆ ಗೋಲಿಗಳು ನೆಟ್ಟಗೆ ನಡೆದವು.

ಮುಂದಿನ ತಕರಾರು ನನ್ನ ಗಂಡನದು. ಅವರು ಕಾರು ಓಡಿಸಲು ವಿಂಡೋಸಿಗೆ ಹೋದರೆ ಲಿನಕ್ಸ್ ನಿಲ್ಲುತ್ತಿತ್ತು, ಆಚೆಯ ಮನೆಯ ಪರದೆ ಕಪ್ಪಾಗುತ್ತಿತ್ತು. "ನಾವು ಅರ್ಧಾ ಆಟದಾಗ ಇದ್ವಿ!" ಎಂದು ಹಿತ್ತಲಿನಿಂದ ಕೂಗು ಬರುತ್ತಿತ್ತು. ವಿಂಡೋಸಿನ ಆಟಗಳನ್ನು ಲಿನಕ್ಸಿನ ಒಳಗೇ ಓಡಿಸುವ ಒಂದು ತಂತ್ರಾಂಶವಿದೆ, ಹೆಸರು ವೈನ್. "ವೈನ್ ಹಾಕಿ ನೋಡೂಣು," ಎಂದು ನಾನು ಹೇಳಿದ್ದನ್ನು ಅತ್ತೆ ಅಡಿಗೆಮನೆಯಿಂದ ಕೇಳಿಸಿಕೊಂಡರು. ಗೋವಾ ಹತ್ತಿರವಿರುವ ಊರಿನಲ್ಲಿ ಆ ಮಾತಿಗೆ ಬೇರೆ ಅರ್ಥವೇ ಇಲ್ಲ. ಅವರಿಗೆ ತಿಳಿಹೇಳುವುದಕ್ಕೆ ಹಿಡಿದಷ್ಟು ಹೊತ್ತು ಆ ತಂತ್ರಾಂಶ ಹಾಕುವುದಕ್ಕೂ ಹಿಡಿಯಲಿಲ್ಲ.

ಕಾರು ಬಂತು. ಗಾಲಿ ತಿರುಗಿದವು. ಆದರೆ ರಸ್ತೆ ಕಾಣಲೇ ಇಲ್ಲ. ಕಪ್ಪು ಪರದೆಯ ನಡುವೆ ಕೆಂಪು ಕಾರೊಂದು ತೇಲಿಕೊಂಡು ಹೋಗಿ, ಕಾಣದ ಯಾವುದಕ್ಕೋ ಗುದ್ದಿ ಪಲ್ಟಿಯಾಯಿತು. ಕಾಕಾ ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದರು.

"ಜೋಯಿಡಾ ರಸ್ತೆ ಇರಬೇಕೋ ಮಹೇಶಾ," ಎಂದರು. "ಮಳಿಗಾಲದಾಗ ಅದು ಹಿಂಗ ಇರ್ತೈತಿ."

ಎಲ್ಲ ಆಟವೂ ವೈನಿನಲ್ಲಿ ಓಡುವುದಿಲ್ಲ. ಓಡದಿದ್ದರೆ ಹಟ ಹಿಡಿದು ಕೂರಬಾರದು, ಓಡುವ ಬೇರೆ ಆಟ ಹುಡುಕಬೇಕು ಅಥವಾ ಹೊತ್ತು ಹಂಚಿಕೊಳ್ಳಬೇಕು. ನಾವು ಹೊತ್ತು ಹಂಚಿಕೊಂಡೆವು. ಸಂಜೆ ಚಹಾ ಆದಮೇಲೆ ಕಾರು, ಉಳಿದ ಹೊತ್ತೆಲ್ಲ ಲಿನಕ್ಸ್.

ಒಂದು ದಿನ ಆಚೆಯ ಪರದೆ ಮತ್ತೆ ಮತ್ತೆ ಕಪ್ಪಾಗತೊಡಗಿತು. ಗಂಡ ಪಾಳಿಯಲ್ಲಿದ್ದರು, ಕರೆಂಟೂ ಇತ್ತು. ನಾನು ಬಟ್ಟೆ ಹಿಂಡಿ ಒಳಗೆ ಬಂದರೆ ಅತ್ತೆ ಕಂಪ್ಯೂಟರಿನ ಬಟನ್ ಮೇಲೆ ಹೆಬ್ಬೆಟ್ಟು ಒತ್ತಿ ನಿಂತಿದ್ದರು.

"ಯಾಕ್ರಿ ಅತ್ತಿ?"

"ಕರೆಂಟ್ ಉಳಿಸೂಣು ಅಂತ ನಮ್ಮವ್ವಾ."

"ಕಾಕು ಆಡಾಕ ಹತ್ತಿದ್ರೇನು?"

"ನನಗೇನ ಗೊತ್ತು? ಛೊಲೋ ಆಡಾಕ ಹತ್ತಿದ್ಳು."

ನಾನು ಪೆಟ್ಟಿಗೆಯ ಮುಚ್ಚಳ ಬಿಚ್ಚಿ ಆ ಬಟನ್ನಿನ ತಂತಿಯನ್ನೇ ತೆಗೆದಿಟ್ಟು, ಕರೆಂಟ್ ಕೊಟ್ಟ ಕೂಡಲೇ ಅದು ತಾನಾಗಿಯೇ ಚಾಲೂ ಆಗುವಂತೆ ಮಾಡಿದೆ. ಪೆಟ್ಟಿಗೆಯನ್ನು ಕಪಾಟಿನ ಮೇಲೆ ಏರಿಸಿದೆ. ಹತ್ತು ಜನ ಓಡಾಡುವ ಮನೆಯಲ್ಲಿ ಸರ್ವರ್, ಎಂದರೆ ಹೀಗೆ ಹಲವರಿಗೆ ದುಡಿಯುವ ಕಂಪ್ಯೂಟರ್, ಇಡುವವರಿಗೆ ನಾನು ಇಂದಿಗೂ ಹೇಳುವುದು ಇದನ್ನೇ: ನೆಲದ ಥಂಡಿಯಿಂದ ದೂರ, ಗಾಳಿ ಆಡುವ ಕಡೆ, ಪ್ರೀತಿಪಾತ್ರರ ಕೈಗೆ ಎಟುಕದಂತೆ.

ಆಮೇಲೆ ಕರೆಂಟೇ ಆ ಕೆಲಸ ಮಾಡಿತು. ಒಂದು ಬೆಳಿಗ್ಗೆ ಗಾಳಿಮಳೆಗೆ ಎಲ್ಲೋ ಮರ ಬಿದ್ದು, ಕರೆಂಟ್ ಹೋಗಿ ಬಂದು, ಹೋಗಿ ಬಂದು ಆಟವಾಡಿತು. ನಮ್ಮ ಯುಪಿಎಸ್ ಒಮ್ಮೆ ಕಿರುಚಿ ಕಣ್ಣು ಮುಚ್ಚಿತು. ಮತ್ತೆ ಎಬ್ಬಿಸಿದಾಗ ಲಿನಕ್ಸ್ ಡಿಸ್ಕನ್ನೆಲ್ಲ ತಪಾಸಣೆ ಮಾಡುತ್ತಾ ಬಹಳ ಹೊತ್ತು ಕೂತಿತು. ಎದ್ದಮೇಲೆ ಎಲ್ಲವೂ ಇತ್ತು, ಗೋಲಿ ಆಟದ ಅಂಕಪಟ್ಟಿ ಇರಲಿಲ್ಲ. ಅಂದು ಮೇಲೆ ಇದ್ದದ್ದು ಸುಶೀಲಾ ಕಾಕು.

ಕಾಕು ಹಿತ್ತಲಿಗೆ ಬಂದು ಕೋಳಿಗಳಿಗೆ ಕಾಳು ಹಾಕುತ್ತಾ ಕೋಳಿಗಳಿಗೇ ಹೇಳಿದರು. "ಕರೆಂಟ್ ಹೋತಂತ. ಕರೆಂಟಿಗೆ ಕಣ್ಣ ಇರ್ತಾವೇನ್ರಿ? ಎಲ್ಲಾ ಬಿಟ್ಟು ನಮ್ಮ ನಂಬರನ ಕಾಣತೈತಿ ಅದಕ್ಕ! ಕೀಲಿ ಅವರ ಮನ್ಯಾಗ, ಅಳಸೂ ಕೈ ಅವರ ಮನ್ಯಾಗ."

ಇಲ್ಲಿ ಅತ್ತೆ ಪಾತ್ರೆಗಳಿಗೆ ಉತ್ತರ ಕೊಟ್ಟರು. "ನನ್ನ ನಂಬರೂ ಹೋಗೇತಿ. ನಾ ಯಾರ ಮುಂದ ಅಳಲಿ?"

ನನಗೆ ಊಟ ಸೇರಲಿಲ್ಲ. ತಪಾಸಣೆಯಲ್ಲಿ ಯಜಮಾನರು ಯಾರೆಂದು ತಿಳಿಯದ ಕಡತಗಳನ್ನು ಲಿನಕ್ಸ್ ಎಸೆಯುವುದಿಲ್ಲ, ಒಂದು ಕಡೆ ಗುಡ್ಡೆ ಹಾಕಿಡುತ್ತದೆ. ಆ ಜಾಗಕ್ಕೆ ಕಳೆದು ಸಿಕ್ಕಿದ್ದು ಎಂದೇ ಹೆಸರು. ರೂಟ್ ಆಗಿ ಒಳಗೆ ಹೋಗಿ, ಹೆಸರಿನ ಬದಲು ಬರೀ ಅಂಕೆ ಹೊತ್ತು ಬಿದ್ದಿದ್ದ ಕಡತಗಳನ್ನು ಒಂದೊಂದಾಗಿ ತೆರೆದು ನೋಡಿದೆ. ಒಂದರಲ್ಲಿ ಪಟ್ಟಿ ಸಿಕ್ಕಿತು, ಇಡಿಯಾಗಿ.

"ಅತ್ತೀ! ಸಿಕ್ತುರಿ! ಎಲ್ಲಾ ಸಿಕ್ಕಾವು!"

ಅತ್ತೆ ಓಡಿ ಬಂದರು, ನೋಡಿದರು, ಕುಗ್ಗಿದರು.

"ಎಲ್ಲಾ? ಆಕಿದೂ?"

ಅಂದಿನಿಂದ ದಿನಕ್ಕೊಂದು ಸಲ ಪಟ್ಟಿಯ ಒಂದು ನಕಲು ತಾನಾಗಿಯೇ ಬೇರೆ ಭಾಗಕ್ಕೆ ಹೋಗುವಂತೆ ಮಾಡಿದೆ. ವಾರಕ್ಕೊಮ್ಮೆ ಒಂದು ಫ್ಲಾಪಿಗೂ ಹಾಕಿ ಕಾಕುವಿನ ಮನೆಯಲ್ಲೇ ಇರಿಸಿದೆ. ನಕಲು ಇನ್ನೊಂದು ಮನೆಯಲ್ಲಿದ್ದರೆ ಬೆಂಕಿ, ನೀರು, ಕಳ್ಳರಿಗೆ ಹೆದರಬೇಕಿಲ್ಲ. ಇಲ್ಲಿ ಅನುಮಾನಕ್ಕೂ ಹೆದರುವುದು ತಪ್ಪಿತು. ಜೊತೆಗೆ ಒಂದು ಸಣ್ಣ ಪುಟ ಮಾಡಿ ಎರಡೂ ಮನೆಯ ಪರದೆಯ ಮೂಲೆಯಲ್ಲಿ ತೋರಿಸಿದೆ. ಯಾರು ಕಂಪ್ಯೂಟರಿನ ಮುಂದೆ ಇದ್ದಾರೋ ಅವರ ಹೆಸರಿನ ಪಕ್ಕ ಹಸಿರು ಚುಕ್ಕೆ. ಕೀಲಿಮಣೆ ಮುಟ್ಟದೆ ಹೊತ್ತಾದರೆ ಚುಕ್ಕೆ ಹಳದಿಯಾಗುತ್ತಿತ್ತು. ಒಬ್ಬರು ಆಡುವಾಗ ಇನ್ನೊಬ್ಬರು ಕಂಪ್ಯೂಟರ್ ಬಂದ್ ಮಾಡದಿರಲಿ ಎಂಬುದಷ್ಟೇ ನನ್ನ ಉದ್ದೇಶ. ಅತ್ತೆ ಆ ಚುಕ್ಕೆಯನ್ನು ಪೊಲೀಸರಂತೆ ಕಾಯತೊಡಗಿದರು. "ಈಗ ಬಂದ್ಳು." "ಈಗ ಎದ್ಳು. ಒಗ್ಗರಣಿ ಹಾಕಾಕ ಹೋಗಿರಬೇಕು." ಕಾಕುವಿನ ದಿನಚರಿ ಜಾಧವ ಕಾಕಾಗಿಂತ ನನ್ನ ಅತ್ತೆಗೆ ಹೆಚ್ಚು ಗೊತ್ತಾಯಿತು.

ಮಳೆ ಅತಿಯಾಗಿ ಹಿಡಿದ ಒಂದು ವಾರ ಊರಿನ ತುಂಬ ಕಾಳಿ ನದಿಯದೇ ಮಾತು. ಒಂದು ಬೆಳಿಗ್ಗೆ ಗಂಡಸರಿಬ್ಬರೂ ಪಾಳಿಗೆ ಹೋಗಿದ್ದರು. ನಾನು ಅನ್ನಕ್ಕಿಟ್ಟು ಪಲ್ಯ ಹೆಚ್ಚುತ್ತಿದ್ದೆ.

"ರೇಣುಕಾ," ಎಂದು ಅತ್ತೆ ಪಡಸಾಲೆಯಿಂದ ಕರೆದರು. "ಆಕಿದು ಹಳದಿ ಆಗೇತಿ."

"ಚಹಾ ಮಾಡಾಕ ಎದ್ದಿರಬೇಕ್ರಿ."

"ಚಹಾಕ್ಕ ಎದ್ರ ಆಟ ಮುಗಿಸಿ ಏಳತಾಳ. ಅರ್ಧಾ ಆಟ ಬಿಟ್ಟು ಏಳೂಕಿ ಅಲ್ಲ ಆಕಿ. ಇಷ್ಟ ದಿವಸ ನೋಡೇನಿ ನಾ."

ನಾನು ಬಂದು ನೋಡಿದೆ. ಕೀಲಿಮಣೆ ಮುಟ್ಟಿ ಬಹಳ ಹೊತ್ತಾಗಿದೆ ಎಂದು ಲಿನಕ್ಸ್ ತೋರಿಸಿತು. ನಾನು ಇನ್ನೇನೋ ಸಮಾಧಾನ ಹೇಳುವಷ್ಟರಲ್ಲಿ ಅತ್ತೆ ಹಿತ್ತಲ ಬಾಗಿಲು ತೆರೆದಿದ್ದರು. ಮೆಟ್ಟಿಲು ಇಳಿಯಬಾರದ ಆ ಕಾಲುಗಳಲ್ಲೇ ಮಳೆಯಲ್ಲಿ ಇಳಿದು ಬೇಲಿ ಹಿಡಿದು ನಿಂತರು.

"ಸುಶೀಲಾ!" ಎಂದು ಕೂಗಿದರು. "ಏ ಸುಶೀಲಾ!"

ಉತ್ತರ ಬರಲಿಲ್ಲ. ನಾನು ಬೇಲಿಯ ಸಂದಿನಿಂದ ನುಸುಳಿ ಓಡಿದೆ. ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಕಾಕು ಬಿದ್ದಿದ್ದರು. ಸ್ವಲ್ಪ ಹೊಳವಾಗಿದೆಯೆಂದು ಹಗ್ಗಕ್ಕೆ ಹಾಕಿದ್ದ ಬಟ್ಟೆಗಳು ಮಳೆಗೆ ತೋಯುತ್ತವೆಂದು ಆಟ ಬಿಟ್ಟು ಓಡಿ ಬಂದು ಪಾಚಿಯ ಮೇಲೆ ಜಾರಿದ್ದರು. ಬಲಗೈ ಮೈಯ ಅಡಿಗೆ ಸಿಕ್ಕು ವಕ್ರವಾಗಿ ಬಾಗಿತ್ತು. ಹಣೆಯಿಂದ ರಕ್ತ, ಮೈ ಮಂಜುಗಡ್ಡೆ. ಅರ್ಧ ಎಚ್ಚರ, ಅರ್ಧ ಇಲ್ಲ. ಅತ್ತೆ ಎಲ್ಲಿಂದ ದಾಟಿ ಬಂದರೋ, ನನ್ನ ಹಿಂದೆಯೇ ಇದ್ದರು. ಕೆಸರಿನಲ್ಲಿ ಮೊಣಕಾಲೂರಿ ಕೂತು ಕಾಕುವಿನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಸೆರಗಿನಿಂದ ರಕ್ತ ಒತ್ತಿ ಹಿಡಿದರು.

ಕಾಕು ಕಣ್ಣು ತೆರೆದರು. "ಆಟ... ಹೋತೇನ್ರಿ?" ಎಂದರು.

"ಹೋತು," ಎಂದರು ಅತ್ತೆ. "ಹೋದ್ರ ಹೋಗ್ಲಿ. ನೀ ಮೊದಲ ನನ್ನ ಕಡೆ ನೋಡು. ಕಣ್ಣ ಮುಚ್ಚಬ್ಯಾಡ."

ನಾನು ಛತ್ರಿಯಿಲ್ಲದೆ ರಸ್ತೆಗೆ ಓಡಿ ರಿಕ್ಷಾ ತಂದೆ. ಆಸ್ಪತ್ರೆಯವರೆಗೂ ಅತ್ತೆ ಕಾಕುವಿನ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಕ್ಕಿಮರಿಯಂತೆ ಹಿಡಿದಿದ್ದರು. ಪ್ರತಿ ತಗ್ಗಿಗೂ ರಿಕ್ಷಾದವನನ್ನು ಬೈದರು. ತಡವಾಗಿದ್ದರೆ ಕಷ್ಟವಿತ್ತು, ಮೈ ಬಹಳ ತಣ್ಣಗಾಗಿತ್ತು ಎಂದು ಡಾಕ್ಟರು ಹೇಳಿದರು. ಆಮೇಲೆ ಅತ್ತೆಯ ಕೆಸರು ಸೀರೆಯನ್ನು ನೋಡಿ, "ನೀವು ಇವರಿಗೆ ಏನಾಗಬೇಕು?" ಎಂದು ಕೇಳಿದರು.

ಅತ್ತೆ ಯೋಚಿಸಿದರು. "ಏನೂ ಆಗಬೇಕಿಲ್ರಿ. ನಮ್ಮದು ಇವರದು ಒಂದ ಬೇಲಿ," ಎಂದರು.

ಕಾಕು ಬಲಗೈಗೆ ಬಿಳಿ ಪ್ಲಾಸ್ಟರ್ ಹಾಕಿಸಿಕೊಂಡು ಮನೆಗೆ ಬಂದರು. ಮರುದಿನದಿಂದ ಅತ್ತೆ ಬೆಳಗಿನ ರೊಟ್ಟಿ ಬಡಿದಿಟ್ಟು ಆಚೆಗೆ ಹೋಗತೊಡಗಿದರು. ಕಾಕುವಿಗೆ ತಲೆ ಬಾಚುವುದು, ಕೋಳಿ ಬಿಡುವುದು, ಆಮೇಲೆ ಕಂಪ್ಯೂಟರಿನ ಮುಂದೆ ಇಬ್ಬರೂ. ಕಾಕು ಎಡಗೈಯಲ್ಲಿ ಆಡಲು ಹೋಗಿ ಬೇಸತ್ತಿದ್ದರು. ಆದ್ದರಿಂದ ಕಣ್ಣು ಅವರದು, ಬೆರಳು ಅತ್ತೆಯದು.

"ಎಡಕ್ಕ ಗೌರಕ್ಕಾ! ಇನ್ನೂ ಎಡಕ್ಕ! ಗೋಡಿಗೆ ಬಡದು ತಿರುಗಸ್ರಿ!"

"ಕೂಗಬ್ಯಾಡ, ನನಗ ಕಾಣತೈತಿ."

"ಕಂಡಿದ್ರ ಆ ಕೆಂಪು ಯಾಕ ಬಿಟ್ರಿ?"

ನಮ್ಮ ಮನೆಯವರೆಗೂ ಕೇಳಿಸುತ್ತಿತ್ತು. ಒಂದು ಮಧ್ಯಾಹ್ನ ಆ ಕೂಗು ನಿಂತುಹೋಯಿತು. ನಾನು ಓಡಿ ಹೋಗಿ ನೋಡಿದರೆ ಇಬ್ಬರೂ ಉಸಿರು ಬಿಗಿಹಿಡಿದು ಕೂತಿದ್ದರು. ಅಷ್ಟು ಮುಂದೆ ಆ ಆಟ ಹೋದದ್ದನ್ನು ನಾನೂ ನೋಡಿರಲಿಲ್ಲ. ಕೊನೆಗೆ ಗೋಲಿಗಳು ತುಂಬಿ ಆಟ ಮುಗಿದಾಗ ಅಂಕ ಬಂತು. ಅದುವರೆಗಿನ ಎಲ್ಲ ಅಂಕಗಳೂ ಅದರ ಮುಂದೆ ಚಿಲ್ಲರೆ. ಪರದೆ ಹೆಸರು ಕೇಳಿ ಮಿನುಗುತ್ತಾ ನಿಂತಿತು.

"ರೇಣುಕಾ, ಸುಶೀಲಾನ ಹೆಸರ ಹಾಕು," ಎಂದರು ಅತ್ತೆ. "ದಾರಿ ತೋರಸಿದಾಕಿ ಆಕಿ."

"ಛೇ ಛೇ, ಗೌರಕ್ಕಂದು ಹಾಕವಾ. ಬೆರಳು ಅವರವು."

"ಮುರದ ಕೈ ಇಟ್ಕೊಂಡು ಕುಂತಾಳ, ಆಕಿದ ಹಾಕು."

"ಮುರದ ಕೈ ಅಂತ ದಾನಾ ಕೊಡತೀರೇನು? ನನಗ ಬ್ಯಾಡ!"

"ದಾನಾ ಅಂದ್ನೇನು ನಾನು? ಪ್ರೀತಿಲೆ ಕೊಟ್ರ ಹಿಂಗ ಅಂತೀಯಲ್ಲ!"

"ನಾನೂ ಪ್ರೀತಿಲೇನ ಕೊಡಾಕ ಹತ್ತೇನಿ! ನಿಮಗ ತಗೊಳ್ಳಾಕ ಏನ ಧಾಡಿ?"

ಮೆಣಸಿನ ಅಗಿಗೂ ಇಷ್ಟು ದೊಡ್ಡ ಜಗಳವಾಗಿರಲಿಲ್ಲ. ಇಬ್ಬರೂ ಎದ್ದು ನಿಂತರು. ಪ್ಲಾಸ್ಟರ್ ಹಾಕಿದ ಕೈ ಗಾಳಿಯಲ್ಲಿ ಆಡಿತು. ಇಬ್ಬರನ್ನೂ ಸಮಾಧಾನ ಮಾಡಲು ನಾನು ನಡುವೆ ಹೋದೆ. ಆ ಹೊತ್ತಿಗೆ ಜಾಧವ ಕಾಕಾ ಪಾಳಿ ಮುಗಿಸಿ ಬಂದರು. ಹೆಂಗಸರ ಜಗಳದಲ್ಲಿ ತಲೆ ಹಾಕಬಾರದೆಂದು ಮೂವತ್ತು ವರ್ಷದ ಸಂಸಾರದಲ್ಲಿ ಕಲಿತಿದ್ದ ಅವರು ನಮ್ಮನ್ನು ಬಳಸಿಕೊಂಡು ಹೋಗಿ ಖಾಲಿ ಕುರ್ಚಿಯಲ್ಲಿ ಕೂತರು. ಚದುರಂಗ ಶುರುಮಾಡುವಾಗಲೂ ಕಂಪ್ಯೂಟರ್ ಹೆಸರು ಕೇಳುತ್ತದೆ. ಪರದೆ ಹೆಸರು ಕೇಳುತ್ತಿತ್ತು. ಅವರು ಒಂದೊಂದೇ ಅಕ್ಷರ ಹುಡುಕಿ, ತಮ್ಮ ಹೆಸರು ಒತ್ತಿ, ಮುಗಿಸಿದರು.

ಪಟ್ಟಿಯ ತುದಿಯಲ್ಲಿ, ಎಲ್ಲರ ಮೇಲೆ, ಜಾಧವ ಎಂದು ಬಂತು.

"ಇದೇನ ಬಂತಪಾ?" ಎಂದು ಅವರು ತಿರುಗಿ ನೋಡಿದರು. ಇಬ್ಬರು ಹೆಂಗಸರೂ ಅವರ ಕಡೆಗೇ ನೋಡುತ್ತಿದ್ದರು. ಆ ಕ್ಷಣದಲ್ಲಿ ಅತ್ತೆ ಮತ್ತು ಕಾಕುವಿನ ನಡುವಿನ ಎಲ್ಲ ಭೇದ ಮುಗಿಯಿತು. ಕಾಕಾಗೆ ಅಂದು ಚಹಾ ಸಿಗಲಿಲ್ಲ. ನಮ್ಮ ಮನೆಗೆ ಬಂದು ಕುಡಿದರು.

"ನಿನ್ನ ಕಡೆ ಕೀಲಿ ಐತೆಲ್ಲ, ತಿದ್ದು," ಎಂದು ಅತ್ತೆ ನನಗೆ ಹೇಳಿದರು.

"ತಿದ್ದತೇನ್ರಿ. ಯಾರ ಹೆಸರ ಹಾಕಲಿ?"

ಅತ್ತೆ ಕಾಕುವನ್ನು ನೋಡಿದರು, ಕಾಕು ಅತ್ತೆಯನ್ನು ನೋಡಿದರು. ಮತ್ತೆ ಜಗಳ ಶುರುವಾಗುವುದು ಇಬ್ಬರಿಗೂ ಕಂಡಿತು.

"ಇರಲಿ ಬಿಡು," ಎಂದರು ಅತ್ತೆ. "ಆಡಿ ಕೆಳಗ ಇಳಸ್ತೇವಿ ಇವರನ್ನ."

ಮಳೆ ಕಡಿಮೆಯಾಗಿ, ಇಂದೂರಿನ ಗದ್ದೆಯಲ್ಲಿ ಭತ್ತ ತೆನೆ ಬಾಗುವವರೆಗೂ ಇಬ್ಬರೂ ದಿನಾ ಅದೇ ಕೆಲಸಕ್ಕೆ ಕೂತರು. ಕಾಕುವಿನ ಪ್ಲಾಸ್ಟರ್ ಬಿಚ್ಚಿ ಎರಡು ಕೈ ನಾಲ್ಕಾದವು. ಆದರೂ ಕಾಕಾ ಕೆಳಗೆ ಇಳಿಯಲಿಲ್ಲ. ಗೋಲಿ ಮೇಲಿಂದ ಕೆಳಗೆ ತುಂಬಿ ಬರುತ್ತಿದ್ದರೂ ಅತ್ತೆ ಕಾಕುವಿನ ಕಡೆ ತಿರುಗಿ ಕೂತು ಇಂದೂರಿನ ಯಾವುದೋ ಮದುವೆಯ ಕತೆ ಹೇಳುತ್ತಿರುತ್ತಿದ್ದರು. ಕಾಕು "ಮುಂದ ಏನಾತ್ರಿ?" ಎನ್ನುತ್ತಿದ್ದರು. ಆಟ ಮುಗಿದದ್ದು ಇಬ್ಬರಿಗೂ ತಿಳಿಯುತ್ತಿರಲಿಲ್ಲ.